ಕೊನೆಯ ಸಾಲಿನ ಮೂರು ಅಕ್ಷರ

ಕಾಗದ ಟ್ರಂಕಿನಲ್ಲಿ ಬಂತು. ರೋಣದಲ್ಲಿರುವ, ಸಾಲಿಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಒಬ್ಬ ಅಕ್ಕೋರು ಅದನ್ನು ಬಸ್ಸಿನಿಂದ ಇಳಿಸಿಕೊಂಡು, ಹಮಾಲನ ತಲೆಯ ಮೇಲೆ ಹೊರಿಸಿ, ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರಿರುವ ನಮ್ಮ ಫೋಟೋ ಕಟ್ಟಿನ ಅಂಗಡಿಗೆ ತಂದಿದ್ದರು. ವಯಸ್ಸು ಎಪ್ಪತ್ತು ದಾಟಿರಬೇಕು. ಉಸಿರು ತಹಬಂದಿಗೆ ಬರುವವರೆಗೆ ಗೋಡೆಯ ಮೇಲಿನ ದೇವರ ಪಟಗಳನ್ನು ನೋಡುತ್ತ ನಿಂತರು. ಆಮೇಲೆ ಕೇಳಿದರು.

"ನಿಮ್ಮ ಅಣ್ಣಾರು ಎಲ್ಲ್ಯದಾರ್ರಿ?"

"ಇಲ್ರಿ. ತೀರ್ಕೊಂಡು ನಾಲ್ಕು ತಿಂಗಳಾತು."

ಅವರು ಎಲ್ಲರೂ ಹೇಳುವಂಥದ್ದೇ ಏನೋ ಹೇಳಿದರು. ನಾನು ತಲೆಯಾಡಿಸಿದೆ. ಆ ನಾಲ್ಕು ತಿಂಗಳಲ್ಲಿ ಇದೇ ಮಾತನ್ನು ಎಷ್ಟು ಸಲ ಆಡಿದ್ದೆನೆಂದರೆ, ಪಟದ ಅಳತೆ ಹೇಳಿದ ಹಾಗೆ ಬಾಯಿಂದ ತಾನೇ ಬರುತ್ತಿತ್ತು. ಅಂಗಡಿಯಲ್ಲಿ ಅಣ್ಣ ಗಾಜು ಮತ್ತು ಕಟ್ಟಿಗೆ ನೋಡಿಕೊಳ್ಳುತ್ತಿದ್ದ, ಕಾಗದ ಕೂಡಿಸುವುದು ನನ್ನ ಕೆಲಸ. ಅವನು ಹೋದ ಮೇಲೆ ಎರಡೂ ನನಗೇ ಬಂದವು. ಅಳು ಬರಲಿಲ್ಲ. ಮಣ್ಣು ಕೊಟ್ಟು ಬಂದ ದಿನವೂ ಬರಲಿಲ್ಲ. ಗಾಜು ತಾಗಿ ಬೆರಳು ಕೊಯ್ದರೆ, ನೆಲದ ಮೇಲೆ ಕೆಂಪು ಹನಿ ಕಂಡ ಮೇಲೆಯೇ ನನಗೆ ತಿಳಿಯುತ್ತಿತ್ತು. ಮನೆಯಲ್ಲಿ ಇದ್ದವರು ನಾವಿಬ್ಬರೇ, ಅಣ್ಣನ ಹೆಂಡತಿ ವೈನಿ ಮತ್ತು ನಾನು. ಅವರು ಊಟಕ್ಕೆ ಕರೆದರೆ ಉಣ್ಣುತ್ತಿದ್ದೆ, ಕರೆಯದಿದ್ದರೆ ಇಲ್ಲ.

ಟ್ರಂಕಿನೊಳಗೆ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ಒಂದು ದಪ್ಪ ಮಡಿಕೆ ಇತ್ತು. ಅಕ್ಕೋರು ಅದನ್ನು ಪೂರ್ತಿ ಬಿಚ್ಚಲಿಲ್ಲ. ಒಂದು ಮೂಲೆ ಮಾತ್ರ ಎತ್ತಿ ತೋರಿಸಿದರು. ಕಪ್ಪು ಮಸಿಯ ನಡುವೆ ಬಿಳಿ ಅಕ್ಷರಗಳು. ಹಿಂದಿನಿಂದ ಬೆರಳಾಡಿಸಿದರೆ ಅಕ್ಷರಗಳು ಉಬ್ಬಾಗಿ ಕೈಗೆ ಸಿಗುತ್ತಿದ್ದವು.

"ಇದು ಶಾಸನದ ಪಡಿಯಚ್ಚು. ಕಾಗದ ತೋಯಿಸಿ ಕಲ್ಲಿನ ಮ್ಯಾಲ ಹಾಸಿ ಬ್ರಶ್ಶಿನಿಂದ ಬಡೀಬೇಕು. ಕಾಗದ ಅಕ್ಷರದ ತಗ್ಗಿನ್ಯಾಗ ಇಳೀತೈತಿ. ಅರ್ಧ ಆರಿದ ಮ್ಯಾಲ ಮಸಿ ಒತ್ತೂದು. ತಗ್ಗಿಗೆ ಮಸಿ ತಾಗೂದಿಲ್ಲ, ಹಂಗಾಗಿ ಅಕ್ಷರ ಬೆಳ್ಳಗ ಉಳೀತಾವು," ಎಂದರು.

ಆ ಕಲ್ಲು ನರಗುಂದದ ಕಡೆಯ ಒಂದು ಹಳ್ಳಿಯ ಹೊಲದಲ್ಲಿತ್ತು. ಅವರು ನೌಕರಿಯಲ್ಲಿದ್ದಾಗ, ರಜೆಯಲ್ಲಿ ಹೋಗಿ, ಮೂರು ದಿನ ಕೂತು ತೆಗೆದ ಅಚ್ಚು ಅದು. ಮೂವತ್ತು ವರ್ಷದ ಮಾತು. ಹೋದ ವರ್ಷ ಮತ್ತೆ ಹೋಗಿ ನೋಡಿದರೆ ಕಲ್ಲಿರಲಿಲ್ಲ. ಕೇಳಿದರೆ ಯಾರಿಗೂ ಗೊತ್ತಿಲ್ಲ. ಆ ಹಳ್ಳಿಯ ಸಾಲಿಯಲ್ಲಿ ಹೊಸ ಕೋಣೆ ಎದ್ದಿತ್ತು. ಶ್ರಾವಣದ ಕೊನೆಯ ಸೋಮವಾರ ಅದರ ಪೂಜೆ. ಅಷ್ಟರೊಳಗೆ ಈ ಅಚ್ಚನ್ನು ಕಟ್ಟು ಹಾಕಿಸಿ ಅಲ್ಲಿ ತೂಗುಹಾಕಬೇಕೆಂಬುದು ಅಕ್ಕೋರ ಆಸೆ.

"ಈಗ ಕಲ್ಲಂದ್ರೂ ಇದ, ಶಾಸನ ಅಂದ್ರೂ ಇದ," ಎಂದು ಅವರು ಟ್ರಂಕಿನ ಮುಚ್ಚಳ ಹಾಕಿದರು. "ಐದು ವಾರ ಐತಿ. ಆಗ್ತೈತೇನ್ರಿ?"

ಆಗುತ್ತದೆ ಎಂದೆ. ಯೋಚಿಸಿ ಹೇಳಿದ್ದಲ್ಲ.

ಅಂಗಡಿಯ ಮೇಜು ನಾಲ್ಕು ಅಡಿ. ಕಾಗದ ಆರೂವರೆ ಅಡಿ ಎತ್ತರ, ಮೂರೂಕಾಲು ಅಡಿ ಅಗಲ. ಅಷ್ಟು ಜಾಗ ಇದ್ದದ್ದು ಮನೆಯ ಪಡಸಾಲೆಯಲ್ಲಿ ಮಾತ್ರ. ಮಣ್ಣಿಗೆ ಒಯ್ಯುವ ಮೊದಲು ಅಣ್ಣನನ್ನು ಗೋಡೆಗೆ ಒರಗಿಸಿ ಕೂಡ್ರಿಸಿದ್ದೂ ಅಲ್ಲೇ. ಅದೇ ಗೋಡೆಗೆ ತಾಗಿಸಿ ಎರಡು ಪ್ಲೈವುಡ್ ಹಾಸಿ, ಮೇಲೆ ಒಗೆದ ಧೋತರ ಹರವಿದೆ. ವೈನಿ ಬಾಗಿಲಲ್ಲಿ ನಿಂತು ನೋಡಿದರು. ಆಷಾಢದ ಗಾಳಿ ಜೋರಾಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲೆಲ್ಲ ನಿಲ್ಲುತ್ತಿರಲಿಲ್ಲ. ಕಿಟಕಿ ಮುಚ್ಚಿ, ಫ್ಯಾನು ಬಂದು ಮಾಡಿ ಕೆಲಸ ಶುರು ಮಾಡಿದೆ.

ಒಂದೊಂದೇ ಮಡಿಕೆ ಬಿಚ್ಚುತ್ತ ಹೋದೆ. ನಾಲ್ಕು ಹಾಳೆಗಳನ್ನು ಅಂಚಿಗೆ ಅಂಚು ಹಚ್ಚಿ ಒಂದು ಮಾಡಿದ್ದರು. ಮೇಲ್ಗಡೆ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡಿಸುವ ಆಕಳು. ಕೆಳಗೆ ಇಪ್ಪತ್ತೆಂಟು ಸಾಲು. ಮಡಿಕೆಯ ಗೆರೆಗಳಲ್ಲಿ ಕಾಗದ ಅಲ್ಲಲ್ಲಿ ಸೀಳಿತ್ತು. ಕೆಳಗಿನ ಬಲಮೂಲೆಯ ಮಡಿಕೆ ಮಾತ್ರ ಬಿಚ್ಚಲೊಲ್ಲದು. ಯಾವಾಗಲೋ ಟ್ರಂಕಿಗೆ ಹಸಿ ತಗುಲಿ, ಹಾಳೆಗೆ ಹಾಳೆ ಹಿಡಿದುಕೊಂಡಿತ್ತು.

ಹಳೆಯ ಪಟ ಹೀಗೆ ಅಂಟಿಕೊಂಡು ಬಂದರೆ ನಾವು ಹಿಂದಿನಿಂದ ಸಣ್ಣಗೆ ನೀರು ಸಿಂಪಡಿಸಿ ಸಡಿಲ ಮಾಡುತ್ತೇವೆ. ಎರಡು ಸಲ ಒತ್ತಿದರೆ ಸಾಕು. ಬಾಟಲಿ ತೆಗೆದುಕೊಂಡೆ. ಒತ್ತಿದೆ. ಆಮೇಲೆ ಏನಾಯಿತೆಂದು ನಾನು ಬಹಳ ಸಲ ನೆನಪು ಮಾಡಿಕೊಂಡಿದ್ದೇನೆ. ಯಾವ ಚಿಂತೆಯೂ ಇರಲಿಲ್ಲ. ಅಣ್ಣನ ಯೋಚನೆಯೂ ಇರಲಿಲ್ಲ. ಬೆರಳು ಒತ್ತುತ್ತಲೇ ಇತ್ತು, ನಾನು ಗೋಡೆ ನೋಡುತ್ತಲೇ ಇದ್ದೆ. ಮೊಣಕಾಲಿಗೆ ಹಸಿ ತಾಗಿದಾಗ ಎಚ್ಚರಾಯಿತು. ಧೋತರ ತೋಯ್ದಿತ್ತು, ಅದರಲ್ಲಿ ಕಪ್ಪು ಇಳಿದಿತ್ತು.

ಸಡಿಲಾದ ಮೂಲೆ ತಿರುವಿ ನೋಡಿದೆ. ಕೊನೆಯ ಸಾಲಿನ ತುದಿಯ ಮೂರು ಅಕ್ಷರಗಳ ಮೇಲೆ ಮಸಿ ಹರಿದು ಎಲ್ಲ ಒಂದೇ ಬೂದು ಬಣ್ಣವಾಗಿತ್ತು. ಹಿಂದಿನಿಂದ ಬೆರಳಾಡಿಸಿದೆ. ಉಬ್ಬೂ ಇರಲಿಲ್ಲ, ಕಾಗದ ಸಪಾಟಾಗಿತ್ತು. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಒಣ ಅರಿವೆಯಿಂದ ಸುತ್ತಲಿನ ನೀರು ಹೀರಿಸಿ, ಕೈ ತೊಳೆದುಕೊಂಡು ಬಂದು, ಅಳತೆ ಪಟ್ಟಿ ಹಿಡಿದೆ.

ಪಟಕ್ಕೂ ಕಟ್ಟಿಗೂ ನಡುವೆ ಸುತ್ತಲೂ ಒಂದು ದಪ್ಪ ರಟ್ಟಿನ ಅಂಚು ಕೂಡಿಸುತ್ತೇವೆ, ಅದಕ್ಕೆ ಮೌಂಟ್ ಎನ್ನುತ್ತೇವೆ. ಮೂರು ಇಂಚಿನ ಮೌಂಟ್ ಇಟ್ಟರೆ ಆ ಮೂರು ಅಕ್ಷರ ಸರಿಯಾಗಿ ಅದರ ಕೆಳಗೆ ಹೋಗುತ್ತಿದ್ದವು. ಕೊನೆಯ ಸಾಲು ಮಾತ್ರ ಬಲ ಅಂಚಿಗೆ ಚಾಚಿತ್ತು, ಉಳಿದ ಕಡೆ ಅಂಚು ಖಾಲಿ ಇತ್ತು, ಬೇರೇನೂ ಮುಚ್ಚುತ್ತಿರಲಿಲ್ಲ. ಅರ್ಧ ದಿನದಲ್ಲಿ ಮೌಂಟ್ ಕೊಯ್ದು ಇಟ್ಟು ನೋಡಿದೆ. ಚೆಂದ ಕಂಡಿತು.

ಚಹಾ ತಂದ ವೈನಿ ಕಪ್ಪಾದ ಧೋತರ ಎತ್ತಿ ಹಿಡಿದರು.

"ಇದೇನ ಇದು?"

ಹೇಳಿದೆ. ಅವರು ರಟ್ಟಿನ ತುದಿ ಎತ್ತಿ ಕೆಳಗೆ ನೋಡಿದರು, ಮತ್ತೆ ಇಟ್ಟರು.

"ಅಕ್ಕೋರಿಗೆ ಹೇಳಿದ್ಯಾ?"

"ಇಲ್ರಿ ವೈನಿ. ಕಾಣೂದಿಲ್ಲಲ್ಲ."

"ಕಾಣೂದಿಲ್ಲ ಖರೇ." ಅವರು ಧೋತರವನ್ನು ನೀಟಾಗಿ ಮಡಿಚುತ್ತಿದ್ದರು. "ಆದ್ರ ನಿನಗೊಬ್ಬಂಗ ಗೊತ್ತಿರ್ತೈತಿ ತಮ್ಮಾ. ಈಗ ಹೊತ್ತದ್ದ ಸಾಕಾಗೈತಿ ನಿನಗ. ಅದರ ಮ್ಯಾಲ ಇದೊಂದು ಹೊರಬ್ಯಾಡ."

ಮರುದಿನ ಮುಂಜಾನೆಯ ಬಸ್ಸಿಗೆ ರೋಣಕ್ಕೆ ಹೋದೆ. ವೈನಿ ಹೇಳಿದರೆಂದು ಹೋದೆ. ಸ್ವಂತ ಮನಸ್ಸಿನಿಂದ ಹೋದೆನೆಂದು ಬರೆದರೆ ಸುಳ್ಳಾಗುತ್ತದೆ.

ಅಕ್ಕೋರು ಒಬ್ಬರೇ ಇರುತ್ತಾರೆ. ಹಾಸಿಗೆ ಬಿಟ್ಟು ಉಳಿದ ಕಡೆಯೆಲ್ಲ ಪುಸ್ತಕ. ನಾನು ನಿಂತಲ್ಲೇ ಹೇಳಿ ಮುಗಿಸಿದೆ. ನೀರು ಎಷ್ಟು ಹಾಕಿದೆ, ಯಾಕೆ ಹಾಕಿದೆ, ಎಲ್ಲಿ ಹೋಯಿತು ಎಲ್ಲ. ಅವರು ಎದ್ದು ಒಂದು ನೋಟ್‌ಬುಕ್ ತೆಗೆದು ನನ್ನ ಮುಂದೆ ಬಿಚ್ಚಿ ಹಿಡಿದರು. ಇಪ್ಪತ್ತೇಳು ಸಾಲು ಪೂರ್ತಿ ಬರೆದಿತ್ತು. ಇಪ್ಪತ್ತೆಂಟನೆಯದರಲ್ಲಿ 'ಕಂಡರಿಸಿದಂ ರೂವಾರಿ' ಎಂದಾದ ಮೇಲೆ ಮೂರು ಚುಕ್ಕಿ, ಪಕ್ಕದಲ್ಲೊಂದು ಪ್ರಶ್ನೆಯ ಗುರುತು.

"ರೂವಾರಿ ಅಂದ್ರ ಕಲ್ಲು ಕೆತ್ತಿದಾಂವ," ಎಂದರು. "ಆ ಮೂರು ಅಕ್ಷರ ಅವನ ಹೆಸರು. ಕಲ್ಲು ಸವೆದಿತ್ತು, ಅಚ್ಚಿನ್ಯಾಗ ಮಸುಕಾಗಿ ಬಂದಿತ್ತು. ಒಮ್ಮೊಮ್ಮೆ ಒಂದು ಥರಾ ಕಾಣ್ತಿತ್ತು, ಮತ್ತೊಮ್ಮೆ ಬ್ಯಾರೆ ಥರಾ. ಕಟ್ಟು ಹಾಕಿಸಿ, ಚಲೋ ಬೆಳಕಿನ್ಯಾಗ ನಿಂತು, ಒಂದ್ಸಲ ಖಾತ್ರಿ ಮಾಡ್ಕೊಂಡು ಬರೀಬೇಕಂತಿದ್ದೆ."

ಅವರು ನೋಟ್‌ಬುಕ್ ಮುಚ್ಚಿದರು.

"ಇವತ್ತ ನಿಮ್ಮ ಜೋಡಿ ಮಾತಾಡೂದು ಆಗೂದಿಲ್ಲ ನನ್ನಿಂದ. ನೀವು ಹೋಗ್ರಿ," ಎಂದರು. ದನಿ ಏರಲಿಲ್ಲ. ಬಾಗಿಲು ಮಾತ್ರ ನಾನು ಮೆಟ್ಟಿಲು ಇಳಿಯುವ ಮೊದಲೇ ಹಾಕಿಕೊಂಡರು.

ಕೆಲಸ ಕೈಬಿಟ್ಟಿತು ಎಂದುಕೊಂಡೆ. ಕಾಗದವನ್ನು ಅದೇ ಸೀರೆಯಲ್ಲಿ ಸುತ್ತಿಡಲು ಹೋದರೆ ಮತ್ತೆ ಮಡಚಬೇಕಾಗುತ್ತಿತ್ತು, ಅದಕ್ಕೇ ಹಾಗೇ ಬಿಟ್ಟೆ. ಮೂರನೆಯ ದಿನ ಮಧ್ಯಾಹ್ನ ಅಕ್ಕೋರು ನೇರವಾಗಿ ಮನೆಗೇ ಬಂದರು. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಆ ಮೂಲೆಯನ್ನು ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. ನಾನು ಕೊಯ್ದಿಟ್ಟ ಮೌಂಟ್ ಗೋಡೆಗೆ ಒರಗಿತ್ತು. ಅದನ್ನೂ ನೋಡಿದರು. ಅದು ಯಾಕೆಂದು ಅವರಿಗೆ ತಿಳಿಯಿತು.

"ಬ್ಯಾರೆಯವ್ರ ಕೈಯಾಗ ಕೊಟ್ರ ಅವರೂ ಹೊಸದಾಗಿ ಕಲೀಬೇಕು," ಎಂದರು ಕೊನೆಗೆ. "ನೀವು ಒಂದು ಕಲ್ತೀರಿ. ಇದನ್ನ ಮುಗಸ್ರಿ. ಮ್ಯಾಲ ಏನೂ ಮುಚ್ಚಬ್ಯಾಡ್ರಿ. ಹೋದದ್ದು ಹೋದಂಗ ಕಾಣ್ಲಿ."

ಜತೆಗೆ ಒಂದು ಫೋನ್ ನಂಬರ್ ತಂದಿದ್ದರು. ಅವರ ಹಳೆಯ ವಿದ್ಯಾರ್ಥಿನಿ ಒಬ್ಬಳು ಧಾರವಾಡದಲ್ಲಿ ಹಸ್ತಪ್ರತಿಗಳ ದುರಸ್ತಿ ಮಾಡುತ್ತಾಳೆ. ಆಕೆ ಫೋನಿನಲ್ಲಿ ನನ್ನಿಂದ ಎಲ್ಲ ಕೇಳಿ, ಒಂದೊಂದೇ ಹೇಳಿದಳು. ನೀರು ಮುಟ್ಟಿಸಬೇಡಿ. ಭಾರ ಇಡಬೇಡಿ, ಅಕ್ಷರದ ಉಬ್ಬು ಕೂತುಬಿಡುತ್ತದೆ. ಹಲಗೆಗೆ ಅಂಟಿಸಲೇಬೇಡಿ. ಮಡಿಕೆಯ ಗೆರೆ ಮಡಿಕೆಯಾಗೇ ಇರಲಿ, ಸೀಳಿದಲ್ಲಿ ಮಾತ್ರ ಹಿಂದಿನಿಂದ ತೆಳ್ಳನೆಯ ನಾರಿನ ಕಾಗದದ ಪಟ್ಟಿ ಹಚ್ಚಿ. ಅಂಟು ಗೋಧಿಯ ಪಿಷ್ಟದ್ದೇ ಆಗಬೇಕು. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಅದೊಂದೇ ಬಿಡುತ್ತದೆ. ನಾರಿನ ಕಾಗದ ಆಕೆಯೇ ಪಾರ್ಸೆಲ್ ಮಾಡಿದಳು.

ಗೋಧಿ ಪಿಷ್ಟ ಎಂದರೇನೆಂದು ನಾನು ವೈನಿಯನ್ನು ಕೇಳಿದೆ. ಧಾರವಾಡದಾಕೆ ಹೇಳಿದ ಹಾಗೇ ಹೇಳಿದೆ: ಗೋಧಿ ನೆನೆಸಿ, ರುಬ್ಬಿ, ಹಿಂಡಿ, ಹಾಲು ತೆಗೆದು, ಕೆಳಗೆ ಕೂತ ಗಟ್ಟಿಯನ್ನು ಕುದಿಸುವುದು.

"ಅದು ಕುರಡಗಿ ಹಾಲಲ್ಲೇನು?" ಎಂದರು ವೈನಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಕುರಡಗಿ ಸಂಡಿಗೆ ಒತ್ತಿ ಒಣಗಿಸಿಡುವುದು ಅವರಿಗೆ ಹೊಸದಲ್ಲ. ಆ ವರ್ಷ ಮಾಡಿರಲಿಲ್ಲ. ಮೂರು ದಿನ ಗೋಧಿ ನೆನೆಹಾಕಿ, ದಿನಾ ನೀರು ಬದಲಿಸಿ, ರುಬ್ಬಿ ಹಾಲು ಇಳಿಸಿ, ಬೆಳ್ಳಗಿನ ಅಂಟು ಮಾಡಿ ಕೊಟ್ಟರು. ಮೊದಲನೆಯದು ಗಟ್ಟಿಯಾಯಿತು. ರದ್ದಿ ಕಾಗದದ ಮೇಲೆ ಹಚ್ಚಿ ನೋಡಿದರೆ ಒಣಗಿದಾಗ ಸುಕ್ಕು ಬಿತ್ತು. ಎರಡನೆಯದನ್ನು ಅರಿವೆಯಲ್ಲಿ ಸೋಸಿ ತೆಳ್ಳಗೆ ಮಾಡಿದರು. ಅದರಲ್ಲಿ ಬ್ರಶ್ ಅದ್ದಿ, ಪಟ್ಟಿಗೆ ಹಚ್ಚಿ, ಪಟ್ಟಿಯ ಹಸಿ ಸರಿಯುವವರೆಗೆ ಕಾಯ್ದು, ಆಮೇಲೆ ಕೂಡಿಸುವುದು. ಈ ಸಲ ಬೆರಳು ಎಲ್ಲಿದೆ ಎಂದು ನೋಡುತ್ತಲೇ ಇದ್ದೆ. ಒಂದು ಪಟ್ಟಿ ಮುಗಿದರೆ ಎದ್ದು ಹೊರಗೆ ಹೋಗಿ ಬರುತ್ತಿದ್ದೆ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಹತ್ತು ಪಟ್ಟಿ, ಅದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ.

ಸೀಳುಗಳು ಮುಗಿಯಲು ಎಂಟು ದಿನ ಹಿಡಿಯಿತು. ಆಮೇಲೆ ತೂಗುವ ಕೆಲಸ. ಹಿಂದಿನ ಬೋರ್ಡಿಗೆ ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಕಾಗದದ ಬೆನ್ನಿಗೆ ಹಚ್ಚಿದ ಪಟ್ಟಿಗಳನ್ನು ಅದರೊಳಗೆ ಹಾಯಿಸಿ, ಆ ಕಡೆ ಅಂಟಿಸಬೇಕು. ಮೇಲೆ ಒಂಬತ್ತು, ಎರಡೂ ಬದಿಗೆ ಐದೈದು, ಕೆಳಗೆ ಏನೂ ಇಲ್ಲ. ಹೀಗೆ ಮಾಡಿದರೆ ಕಾಗದ ಎಲ್ಲಿಯೂ ಒತ್ತಿಸಿಕೊಳ್ಳದೆ, ತನ್ನ ಪಾಡಿಗೆ ತಾನು ತೂಗುತ್ತದೆ. ಮೊದಲ ಸಲ ಬೋರ್ಡು ಎತ್ತಿ ನಿಲ್ಲಿಸಿದ ಮರುದಿನ ಬಂದು ನೋಡಿದರೆ ಎಡಬದಿಯ ಮೂರು ಪಟ್ಟಿ ಬಿಟ್ಟು, ಆಕಳು ಒಂದು ಬೆರಳು ಓರೆಯಾಗಿತ್ತು. ಜಡಿಮಳೆಗೆ ಗೋಡೆ ಹಸಿ ಹಿಡಿದಿತ್ತು. ಮತ್ತೆ ಮಲಗಿಸಿ, ಬಿಟ್ಟದ್ದನ್ನೆಲ್ಲ ತೆಗೆದು, ಹೊಸದಾಗಿ ಹಚ್ಚಿದೆ.

ಕಟ್ಟಿಗೆ ಕೆಲಸ ಅಣ್ಣನದು. ಏಳಡಿಯ ಸಾಗವಾನಿ ಪಟ್ಟಿ ನಾನು ಎಂದೂ ಕೊಯ್ದವನಲ್ಲ. ಮೂಲೆಗೆ ಓರೆ ಕೊಯ್ಯುವಾಗ ಎರಡು ಸಲ ಸಂದಿ ಬಿಟ್ಟು ಬೆಳಕು ಕಂಡಿತು, ಮೂರನೆಯ ಸಲ ಕೂಡಿತು. ಮುಂದೆ ಗಾಜು ಹಾಕಿದ್ದರೆ ಹಳ್ಳಿಯ ರಸ್ತೆಯಲ್ಲಿ ಒಡೆದು ಕಾಗದದ ಮೇಲೇ ಬೀಳುತ್ತಿತ್ತು. ಹುಬ್ಬಳ್ಳಿಯಿಂದ ಅಕ್ರಿಲಿಕ್ ಹಾಳೆ ತರಿಸಿ ಹಾಕಿದೆ. ಅದಕ್ಕೂ ಕಾಗದಕ್ಕೂ ನಡುವೆ ಒಂದೂವರೆ ಇಂಚು ಖಾಲಿ ಬಿಟ್ಟೆ. ಪೆಟ್ಟಿಗೆಯಂಥ ಆಳದ ಕಟ್ಟು. ಮುಗಿದ ದಿನ ಪಡಸಾಲೆಯಲ್ಲಿ ನಿಲ್ಲಿಸಿದಾಗ ಕಿಟಕಿಯ ಬೆಳಕು ಬದಿಯಿಂದ ಬಿದ್ದು, ಅಕ್ಷರಗಳೆಲ್ಲ ತಗ್ಗಾಗಿ ನೆರಳು ಹಿಡಿದವು. ವೈನಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಕಲ್ಲ ಕಂಡಂಗ ಕಾಣ್ತೈತಿ," ಎಂದರು. ಹೌದು, ಹಾಗೇ ಕಾಣುತ್ತಿತ್ತು. ಕೆಳಗೆ ಬಲಮೂಲೆಯಲ್ಲಿ ಅಂಗೈ ಅಗಲದ ಬೂದು ಕಲೆಯೂ ಕಾಣುತ್ತಿತ್ತು. ಸಂತೋಷ ಆಗಬೇಕಾದ ಜಾಗದಲ್ಲಿ ನನಗೆ ಏನೂ ಆಗಲಿಲ್ಲ. ಸುತ್ತಿ ಕಟ್ಟಲು ಹಳೆಯ ಕೌದಿ ಹುಡುಕಿದೆ.

ಸೋಮವಾರದ ಹಿಂದಿನ ದಿನವೇ ಟೆಂಪೋದಲ್ಲಿ ನಿಲ್ಲಿಸಿಕೊಂಡು, ರೋಣದಲ್ಲಿ ಅಕ್ಕೋರನ್ನು ಹತ್ತಿಸಿಕೊಂಡು, ಆ ಹಳ್ಳಿಗೆ ಹೋದೆವು. ಸಾಲಿಯವರು ಕಿಟಕಿಯ ಎದುರಿನ ಗೋಡೆ ತೋರಿಸಿದರು. ಅಲ್ಲಿ ಬಿಸಿಲು ನೇರ ಬೀಳುತ್ತಿತ್ತು. ನಾನು ಒಪ್ಪದೆ ಒಳಗೋಡೆ ಆರಿಸಿದೆ. ಓರೆಯಾಗಿ ಕೊಯ್ದ ಎರಡು ಕಟ್ಟಿಗೆ ಪಟ್ಟಿ, ಒಂದು ಗೋಡೆಗೆ, ಇನ್ನೊಂದು ಕಟ್ಟಿನ ಬೆನ್ನಿಗೆ. ಎತ್ತಿ ಇಳಿಸಿದರೆ ಒಂದರಲ್ಲೊಂದು ಕೂಡುತ್ತವೆ. ಊರಿನ ನಾಲ್ವರು ಎತ್ತಿದರು. ಗೋಡೆಯ ಹಸಿ ತಾಗದಂತೆ ಕಟ್ಟಿನ ಕೆಳತುದಿಗೂ ಗೋಡೆಗೂ ನಡುವೆ ಎರಡು ಬಿರಡೆ ಕೊಟ್ಟೆ.

ಮರುದಿನ ಪೂಜೆಯಾದ ಮೇಲೆ ಕೋಣೆಯಲ್ಲಿ ಮೂವತ್ತು ನಲವತ್ತು ಜನ ಕೂತರು. ಅಕ್ಕೋರು ಕಟ್ಟಿನ ಪಕ್ಕ ನಿಂತು ಒಂದೊಂದೇ ಸಾಲು ಓದಿ ಅರ್ಥ ಹೇಳಿದರು. ಯಾರೋ ಒಬ್ಬಳು ಹೆಣ್ಣುಮಗಳು ಕೆರೆಗೆ ಭೂಮಿ ಬಿಟ್ಟದ್ದು, ಅದರ ಗಡಿ, ಆ ಭೂಮಿ ಕಸಿದವರಿಗೆ ಬರುವ ಪಾಪ. ಕೊನೆಯ ಸಾಲಿಗೆ ಬಂದಾಗ, "ಕಂಡರಿಸಿದಂ ರೂವಾರಿ," ಎಂದು ಓದಿ, "ಮುಂದ ಅವನ ಹೆಸರು. ಅದು ಈಗ ಇಲ್ಲ," ಎಂದರು.

ಜನ ಆ ಕಲೆಯ ಕಡೆ ನೋಡಿದರು. ಒಬ್ಬ ಮುದುಕಿ, "ಮಳಿ ನೀರಿಗೆ ಹೋಗಿರಬೇಕ್ರಿ," ಎಂದಳು. ಅಕ್ಕೋರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ನಾನು ಬಾಗಿಲ ಹತ್ತಿರ ನಿಂತಿದ್ದೆ. "ಮಳಿಗೆ ಹೋಗಿಲ್ರಿ," ಎಂದೆ. "ನನ್ನ ಕೈಯಾಗ ಹೋಗ್ಯಾವ. ಕಟ್ಟು ಹಾಕೂ ಮುಂದ ನೀರು ಜಾಸ್ತಿ ಬಿತ್ತು."

ಹಿಂದಿನಿಂದ ಒಬ್ಬ ರೈತ ಎದ್ದು ನಿಂತ. ಅರವತ್ತರ ಆಸುಪಾಸು, ಟೋಪಿ ಕೈಯಲ್ಲಿ ಹಿಡಿದಿದ್ದ.

"ನಿಮ್ಮ ಕೈಯಾಗ ಮೂರು ಅಕ್ಷರ ಹೋಗ್ಯಾವ ಅಂತೀರಿ. ನನ್ನ ಕೈಯಾಗ ಇಡೀ ಕಲ್ಲ ಹೋಗೈತ್ರಿ," ಎಂದ. "ಅಕ್ಕೋರು ಹ್ವಾದ ವರ್ಷ ಬಂದು ಕೇಳಿದಾಗ ಗೊತ್ತಿಲ್ಲಂತ ಹೇಳಿದೆ. ಹೊಲದಾಗ ಮೋಟಾರ ಮನಿ ಕಟ್ಟುವಾಗ ಒಡಿಸಿ ಹಾಕಿದ್ದೆ. ಅಕ್ಷರ ಅದಾವಂತ ಗೊತ್ತಿತ್ತು. ಏನಂತ ಗೊತ್ತಿರಲಿಲ್ಲ."

ಅಕ್ಕೋರು ಚಾಳೀಸು ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡರು. "ಎಷ್ಟ ದೂರ ಐತಿ?" ಎಂದಷ್ಟೇ ಕೇಳಿದರು.

ಹೆಚ್ಚು ದೂರವಿರಲಿಲ್ಲ. ಕಾಲುವೆಯ ದಂಡೆ ಹಿಡಿದು, ಹೆಸರುಕಾಳಿನ ಹೊಲ ದಾಟಿ ಹೋದೆವು. ಅಕ್ಕೋರು ಎರಿಮಣ್ಣಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ಮೋಟಾರ್ ಮನೆ ಆಳೆತ್ತರದ್ದು. ಬಡಗಣ ಗೋಡೆಯಲ್ಲಿ, ಮೊಣಕಾಲಿನ ಮಟ್ಟಕ್ಕೆ, ಒಂದು ಮೊಳದ ತುಂಡು ಅಕ್ಷರದ ಮುಖ ಹೊರಗಿಟ್ಟು ಕೂತಿತ್ತು, ತಲೆಕೆಳಗಾಗಿ. ಉಳಿದ ತುಂಡುಗಳೆಲ್ಲ ಬುನಾದಿಯಲ್ಲಿ ಎಂದ ರೈತ. ಅಕ್ಕೋರು ನೆಲಕ್ಕೆ ಕೂತು, ಕತ್ತು ಓರೆ ಮಾಡಿ ಓದಿದರು.

"ಇದು ನಡುವಿನ ಸಾಲು. ಹದಿನಾಲ್ಕು, ಹದಿನೈದು. ಅವನ ಹೆಸರಿಂದಲ್ಲ."

"ಬುನಾದಿ ಬಿಚ್ಚಿ ನೋಡೂಣೇನ್ರಿ?" ಎಂದ ರೈತ. ಹೇಳುವುದಕ್ಕೆ ಹೇಳಿದ ಮಾತಾಗಿರಲಿಲ್ಲ ಅದು.

ಅಕ್ಕೋರು ತಲೆ ಅಲ್ಲಾಡಿಸಿದರು. "ಒಡೆದ ಕಲ್ಲು ಇನ್ನಷ್ಟು ಒಡೀತಾವು. ಇರ್ಲಿ. ಇದೊಂದಕ್ಕ ಸುಣ್ಣ ಹಚ್ಚಬ್ಯಾಡ್ರಿ, ಸಾಕು." ನನ್ನ ಕಡೆ ತಿರುಗಿದರು. "ಮುಟ್ಟಿ ನೋಡ್ರಿ. ಐದು ವಾರ ಕಾಗದ ಮುಟ್ಟೀರಿ."

ಪಕ್ಕದಲ್ಲಿ ಕೂತು ಬೆರಳಿಟ್ಟೆ. ಕಲ್ಲು ತಣ್ಣಗಿತ್ತು. ಅಕ್ಷರದ ಅಂಚು ಚೂಪಾಗಿತ್ತು, ಉಗುರಿಗೆ ಸಿಗುವಷ್ಟು. ತಗ್ಗಿನ ತಳದಲ್ಲಿ ಚಾಣದ ಸಣ್ಣ ಸಣ್ಣ ಏಟುಗಳು ಒಂದರ ಪಕ್ಕ ಒಂದು ಕೈಗೆ ಬರುತ್ತಿದ್ದವು. ಅದು ಕಾಗದದಲ್ಲಿ ಮೂಡಿರಲಿಲ್ಲ. ಎಲ್ಲಿ ಕೈ ಎತ್ತಿದ್ದ, ಎಲ್ಲಿ ಮತ್ತೆ ಇಟ್ಟಿದ್ದ ಎಂದು ತಿಳಿಯುತ್ತಿತ್ತು. ಇದನ್ನು ಅಣ್ಣನಿಗೆ ತೋರಿಸಬೇಕು ಎಂದುಕೊಂಡೆ. ಅವನು ಬೆರಳಾಡಿಸಿ, ಯಾವ ಅಗಲದ ಚಾಣ ಎಂದು ಹೇಳಿಬಿಡುತ್ತಿದ್ದ. ಸಂಜೆ ಹೋಗಿ ಹೇಳೋಣ ಎಂದುಕೊಂಡೆ. ಆಮೇಲೆ ಕೈ ಅಲ್ಲೇ ನಿಂತಿತು.

ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ರೈತ ಗಾಬರಿಯಾಗಿ, "ಕಲ್ಲ ಒಡಿಸಿದ್ದು ನಾನ್ರಿ, ನೀವ್ಯಾಕ..." ಎಂದ. ಅಕ್ಕೋರು ಅವನಿಗೆ ಸುಮ್ಮನಿರುವಂತೆ ಕೈ ಮಾಡಿದರು. ಆಮೇಲೆ ಅವನು ಮೋಟಾರ್ ಚಾಲೂ ಮಾಡಿದ. ಪೈಪಿನ ಬಾಯಿಯಿಂದ ನೀರು ಬಂತು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ.